ಮೈಲಿಯ ಗುಳ್ಳೆಯೂ ಮಂಗನ ಕಾಯಿಲೆಯ ಲಸಿಕೆಯ ನೋವೂ

ಲಸಿಕೆ ಹಾಕಿಸಿಕೊಂಡ ಬಳಿಕ ತೋಳು ನೋಯುವುದೂ ಮೈ ಬಿಸಿಯಾಗುವುದೂ ಒಂದೆರಡು ದಿನ ಬಳಲಿಕೆಯುಂಟಾಗುವುದೂ ಎಲ್ಲರಿಗೂ ವಿದಿತವಾದ ಸಂಗತಿ. ಈ ಅಲ್ಪಕಾಲದ ಉಪದ್ರವವನ್ನು ಜನರು ಯಾವ ಅರ್ಥದಲ್ಲಿ ಗ್ರಹಿಸಿದರೆಂಬುದು ಮಾತ್ರ ವಿಚಾರಾರ್ಹವಾಗಿದೆ. ಮಾಗೋಡಿನ ಬೇಡ್ತಿ ಕಣಿವೆಯಿಂದ ಸಿದ್ದಾಪುರದ ಘಟ್ಟದಂಚಿನವರೆಗಿನ ನಮ್ಮ ಸೀಮೆಯು ಕಂಡ ಎರಡು ಲಸಿಕೆಗಳ ಗತಿಯನ್ನು ಹೋಲಿಸಿದರೆ ಇದು ಸ್ಪಷ್ಟವಾಗುವುದು.

ಮೊದಲನೆಯದು ಸಿಡುಬಿನ ಲಸಿಕೆ. ಮಾಧವನಿದಾನದಲ್ಲಿ ಈ ವ್ಯಾಧಿಗೆ ಮಸೂರಿಕೆಯೆಂದು ಹೆಸರು. ಗುಳ್ಳೆಯು ಮಸೂರಧಾನ್ಯವನ್ನು ಹೋಲುವುದೇ ಇದಕ್ಕೆ ಕಾರಣ. ಜನರಾದರೋ ಅಮ್ಮ, ದೇವಿ, ಮೈಲಿ ಎಂದರು. 1798ರಲ್ಲಿ ಜೆನ್ನರನು ಪ್ರಕಟಿಸಿದ ಗೋಸಿಡುಬಿನ ಲಸಿಕೆಯು 1802ರ ಜೂನಿನಲ್ಲಿ ಮುಂಬಯಿಯನ್ನು ಮುಟ್ಟಿ ಕ್ರಮೇಣ ಒಳನಾಡಿಗೆ ಹಬ್ಬಿದಾಗ, ಅದನ್ನು ಹಾಕುವ ಕ್ರಿಯೆಗೂ 'ದೇವಿ ಹಾಕುವುದು', 'ಮೈಲಿ ಹಾಕುವುದು' ಎಂಬ ಮಾತೇ ರೂಢಿಯಾಯಿತು. ರೋಗಕ್ಕೂ ನಿವಾರಣೆಗೂ ನಾಮವೊಂದೇ! ಇದು ಕೇವಲ ಮಾತಿನ ಸೋಮಾರಿತನವಲ್ಲ. ಲಸಿಕೆ ಹಾಕಿದ ಮೂರು ನಾಲ್ಕು ದಿನಗಳಲ್ಲಿ ಗಂಟೆದ್ದು, ವಾರದೊಳಗೆ ನೀರ್ಗುಳ್ಳೆಯಾಗಿ, ಕೀವುಗೂಡಿ, ಜ್ವರವನ್ನೂ ಕಂಕುಳ ಬಾವನ್ನೂ ತಂದು, ಮೂರನೆಯ ವಾರದ ಹೊತ್ತಿಗೆ ಹಕ್ಕಳೆ ಉದುರಿ ಕಲೆ ನಿಲ್ಲುತ್ತಿತ್ತು. ಗುಳ್ಳೆ ಏಳದಿದ್ದರೆ ಲಸಿಕೆ ಹಿಡಿಯಲಿಲ್ಲವೆಂದು ಮತ್ತೆ ಹಾಕುತ್ತಿದ್ದರು. ಉಪದ್ರವವೇ ಇಲ್ಲಿ ಸಿದ್ಧಿಯ ಕುರುಹು. ಕಲೆಯು ಆಜನ್ಮ ಸಾಕ್ಷಿ. ವಿರೋಧವಿಲ್ಲದೆ ಇರಲಿಲ್ಲ, ಆದರೆ ಕಷ್ಟಕ್ಕೆ ಕಣ್ಣಿಗೆ ಕಾಣುವ ಅರ್ಥವಿತ್ತು.

ಎರಡನೆಯದು ಮಂಗನ ಕಾಯಿಲೆಯ ಲಸಿಕೆ. (ಕೆನ್ನೆ ಊದುವ ಮಂಗನಬಾವೇ ಬೇರೆ, ಹೆಸರಿನ ಸಾಮ್ಯದಿಂದ ಭ್ರಮಿಸಬಾರದು.) 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಜ್ವರವು ಉಣುಗಿನ ಕಡಿತದಿಂದ ಬರುವುದು. ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವ ಕಾಲವೂ ಎಳೆಯ ಉಣುಗು ಹೆಚ್ಚುವ ಕಾಲವೂ ಒಂದೇ ಆದುದು ನಮ್ಮ ತೋಟಿಗರ ದುರದೃಷ್ಟ. ಫಾರ್ಮಲಿನ್ನಿನಿಂದ ನಿರ್ಜೀವಗೊಳಿಸಿದ ವೈರಾಣುವಿನ ಈ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಮ್ಮೆ, ಅನಂತರ ಐದು ವರ್ಷ ಪ್ರತಿವರ್ಷವೂ ಹಾಕಿಸಿಕೊಳ್ಳಬೇಕೆಂದು ವಿಧಿಯಿತ್ತು. ಚುಚ್ಚಿದೆಡೆಯಲ್ಲಿ ನೋವು ತೀವ್ರ. ಅಡಿಕೆಮರವೇರುವ ಕೊನೆಗೌಡನಿಗೆ ತೋಳಿನ ನೋವೆಂದರೆ ದಿನದ ಕೂಲಿಯ ನಷ್ಟ. ಗುಳ್ಳೆಯಿಲ್ಲ, ಕಲೆಯಿಲ್ಲ, ಹಿಡಿಯಿತೆಂಬುದಕ್ಕೆ ಗುರುತಿಲ್ಲ. ಒಮ್ಮೆ ಹಾಕಿಸಿಕೊಂಡವರು ಮರುಸಲಕ್ಕೆ ಹಿಂಜರಿದುದು ಆಶ್ಚರ್ಯವಲ್ಲ. ಇದನ್ನು ಅಜ್ಞಾನವೆಂದು ಹಳಿಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಹಿಂಜರಿಕೆಯ ಬೆಲೆ ದೊಡ್ಡದಾಗಿತ್ತು: 2013ರಲ್ಲಿ ಪ್ರಕಟವಾದ ಅಧ್ಯಯನದಂತೆ, ಎರಡು ಸಲ ಪಡೆದವರಲ್ಲಿ ರಕ್ಷಣೆ ನೂರಕ್ಕೆ ಸುಮಾರು 62, ಮೇಲಿನದನ್ನೂ ಪಡೆದವರಲ್ಲಿ ಸುಮಾರು 83. ಆ ಹೆಚ್ಚಿನ ರಕ್ಷಣೆ ಇದ್ದುದು ಜನರು ತಪ್ಪಿಸಿಕೊಂಡ ಸಲಗಳಲ್ಲಿಯೇ.

ನೋವೊಂದೇ ಆ ಲಸಿಕೆಯನ್ನು ಕೆಡಿಸಿತೆನ್ನಲಾಗದು. ಅದರ ಸತ್ತ್ವವೇ ಕುಂದಿದುದರಿಂದ 2022ರಲ್ಲಿ ಬಳಕೆ ನಿಂತಿತು. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಕಾಯಿಲೆ ಮರುಕಳಿಸಿ ಸಾವುಗಳು ಸಂಭವಿಸಿದಾಗ, ಬೆಟ್ಟಕ್ಕೆ ಹೋಗುವವರ ಕೈಗೆ ದೊರೆತದ್ದು ಉಣುಗು ಹತ್ತದಂತೆ ಮೈಗೆ ಸವರಿಕೊಳ್ಳುವ ಡೇಪಾ ಎಣ್ಣೆ ಮಾತ್ರ.