ರಹದಾರಿಯೂ ಅದರ ಅವಧಿಯೂ

ನಾಡಿನೊಳಕ್ಕೆ ಬರುವವನ ಕೈಯಲ್ಲಿ ಮುದ್ರೆಯಿರಬೇಕೆಂಬ ಕಟ್ಟಳೆ ಹೊಸದಲ್ಲ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಒಂದು ಮಾಷಕ ತೆತ್ತವನಿಗೆ ಅವನು ಮುದ್ರೆ ಕೊಡುವನು. ಮುದ್ರೆಯಿಲ್ಲದ ನಾಡಿಗನಿಗೆ 12 ಪಣ ದಂಡ. ಕಳ್ಳ ಮುದ್ರೆ ತೋರಿದವನು ನಾಡಿಗನಾದರೆ ಪೂರ್ವಸಾಹಸ ದಂಡ, ಹೊರನಾಡಿನವನಾದರೆ ಉತ್ತಮಸಾಹಸ. ಯಾರು ನಾಡಿಗ, ಯಾರು ಹೊರಗಿನವ ಎಂಬ ವಿಷಯದಲ್ಲಿ ಕೌಟಿಲ್ಯನಿಗೆ ಸಂಶಯವಿದ್ದಂತೆ ತೋರದು. ಭಾರತ ವಿಭಜನೆಯ ತರುವಾಯ ಗೋಜಲಾದುದು ಅದೇ.

1948ನೆಯ ಜುಲೈ 19ರಂದು ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ಟು ಕಡ್ಡಾಯವಾಯಿತು. ಪರ್ಮಿಟ್ಟಿನಲ್ಲಿ ಬಗೆಗಳಿದ್ದವು: ಕೆಲಕಾಲದ ಭೇಟಿಗೆ ಒಂದು, ಮರಳಿ ನೆಲೆಸುವುದಕ್ಕೆ ಇನ್ನೊಂದು. ಮೇಲ್ನೋಟಕ್ಕೆ ಇದು ಕಚೇರಿಯ ಅನುಕೂಲದ ವಿಂಗಡಣೆ. ಆದರೆ ಸಂವಿಧಾನದ 7ನೆಯ ಅನುಚ್ಛೇದ ಅದಕ್ಕೆ ಪೌರತ್ವವನ್ನೇ ಗಂಟು ಹಾಕಿತು. 1947ರ ಮಾರ್ಚ್ 1ರ ತರುವಾಯ ವಲಸೆ ಹೋದವನು ನೆಲೆಸುವ ಪರ್ಮಿಟ್ಟಿನ ಮೇಲೆ ಹಿಂದಿರುಗಿದರೆ ಪೌರನಾಗಬಲ್ಲನು. ಭೇಟಿಯ ಪರ್ಮಿಟ್ಟಿನ ಮೇಲೆ ಬಂದು ತನ್ನ ಹುಟ್ಟುಮನೆಯಲ್ಲೇ ಇಳಿದುಕೊಂಡರೂ ಅತಿಥಿ ಮಾತ್ರ. ಪರ್ಮಿಟ್ಟಿನ ಕಾನೂನನ್ನು ಮೀರಿದವನನ್ನಲ್ಲದೆ, ಮೀರಿದನೆಂಬ ಶಂಕೆಗೆ ಗುರಿಯಾದವನನ್ನೂ ಹೊರಹಾಕುವ ಅಧಿಕಾರ 1949ರ ಅಧಿನಿಯಮದಲ್ಲಿತ್ತು. ಭಾರತದ ಪೌರರ ಮಟ್ಟಿಗೆ ಆ ಕಲಮು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ತೀರ್ಪಿತ್ತಿತು. ಅಷ್ಟರಲ್ಲಿ ಪರ್ಮಿಟ್ಟೇ ಹೋಗಿ, 1952ರ ಅಕ್ಟೋಬರಿನಿಂದ ಪಾಸ್‌ಪೋರ್ಟು ಮತ್ತು ವೀಸಾ ಬಂದಿದ್ದವು.

ವೀಸಾದ ಅವಧಿ ತೀರಿದ ಮೇಲೂ ನಿಂತವನ ಗತಿ? 1946ರ ವಿದೇಶೀಯರ ಅಧಿನಿಯಮದಂತೆ ಐದು ವರ್ಷಗಳವರೆಗೆ ಸೆರೆ, ಮೇಲೆ ಜುಲ್ಮಾನೆ ಇತ್ತು. ಇಲ್ಲೊಂದು ವಿಚಿತ್ರವಿತ್ತು. ಆ ಅಧಿನಿಯಮ ಬ್ರಿಟಿಷರ ಕಾಲದ್ದಾದ್ದರಿಂದ, ಹುಟ್ಟಿನಿಂದ ಬ್ರಿಟಿಷ್ ಪ್ರಜೆಯಾದವನು ಅದರ ಪಾಲಿಗೆ ವಿದೇಶೀಯನೇ ಅಲ್ಲ. ಬ್ರಿಟಿಷ್ ಇಂಡಿಯದ ಪ್ರಾಂತದಲ್ಲಿ ಹುಟ್ಟಿ, ಪಾಕಿಸ್ತಾನದ ಪಾಸ್‌ಪೋರ್ಟು ಹಿಡಿದು ಬಂದವನಿಗೂ ಇದೇ ಅನ್ವಯ! 1957ರ ಜನವರಿ 19ರಿಂದ, ಭಾರತದ ಪೌರನಲ್ಲದವನೆಲ್ಲ ವಿದೇಶೀಯನೆಂದು ಅರ್ಥವನ್ನು ತಿದ್ದಿದರು. ಹಾಗಾದರೆ 1953ರಲ್ಲಿ ಬಂದು, ಅವಧಿ ಮೀರಿ ಉಳಿದವನು? ಅಂಥ ಒಬ್ಬನ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಏರಿತು. 1948ರ ಆಜ್ಞೆ ಹೇಳುವುದು, ಪ್ರವೇಶಿಸುವ ವಿದೇಶೀಯನು ಅವಧಿಯೊಳಗೆ ಹೊರಡಬೇಕೆಂದು. ಇವನು ಪ್ರವೇಶಿಸಿದಾಗ ವಿದೇಶೀಯನಾಗಿರಲಿಲ್ಲ. ಆದಕಾರಣ ಅಪರಾಧವಿಲ್ಲವೆಂದು ನ್ಯಾಯಾಲಯ 1961ರಲ್ಲಿ ಅವನನ್ನು ಬಿಟ್ಟಿತು.

ಇದನ್ನು ವಕೀಲರ ಚಮತ್ಕಾರವೆನ್ನುವವರುಂಟು. ನನಗೆ ಹಾಗನ್ನಿಸದು. ಹೊಸಿಲು ದಾಟಿದ ದಿನ ಅವನು ಯಾರಾಗಿದ್ದನೆಂದು ನ್ಯಾಯಾಲಯ ಕೇಳಿತು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಬಿಡುಗಡೆಯಾದುದು ಶಿಕ್ಷೆಯಿಂದ ಮಾತ್ರ. ಪರದೇಶದ ಪಾಸ್‌ಪೋರ್ಟು ಪಡೆದುದೇ ಆ ದೇಶದ ಪೌರತ್ವ ಪಡೆದುದಕ್ಕೆ ನಿರ್ಣಾಯಕ ಸಾಕ್ಷಿಯೆಂಬ 1956ರ ನಿಯಮವನ್ನು ಅದೇ ನ್ಯಾಯಾಲಯ 1962ರಲ್ಲಿ ಬಹುಮತದಿಂದ ಎತ್ತಿಹಿಡಿಯಿತು. ತವರಿಗೆ ಬರಲು ಆ ಪುಸ್ತಕವಲ್ಲದೆ ಬೇರೆ ದಾರಿಯಿರಲಿಲ್ಲವೆಂಬ ಸಮಜಾಯಿಷಿಗೆ ಆ ನಿಯಮದಲ್ಲಿ ಎಡೆಯಿರಲಿಲ್ಲ.