ಸಮಾಹ್ವಯವೂ ಕುದುರೆಪಂದ್ಯವೂ

ನಿರ್ಜೀವ ವಸ್ತುಗಳಿಂದ ಪಣವೊಡ್ಡಿ ಆಡುವುದು ದ್ಯೂತ. ಪ್ರಾಣಿಗಳನ್ನು ಮುಂದಿಟ್ಟು ಆಡುವುದು ಸಮಾಹ್ವಯ. ಹೀಗೆ ವಿಭಾಗಿಸುವ ಮನುಸ್ಮೃತಿಯು, ಇವೆರಡನ್ನೂ ರಾಜನು ತನ್ನ ರಾಷ್ಟ್ರದಿಂದ ತೊಲಗಿಸತಕ್ಕದ್ದೆಂದು ವಿಧಿಸುತ್ತದೆ. ಕೌಟಿಲ್ಯನ ಮತವು ಬೇರೆ. ಜೂಜು ಒಂದೇ ಸ್ಥಳದಲ್ಲಿ ಅಧ್ಯಕ್ಷನ ಕಣ್ಣೆದುರಿಗೆ ನಡೆಯಲಿ, ಗೆದ್ದ ದ್ರವ್ಯದಲ್ಲಿ ನೂರಕ್ಕೆ 5ರಂತೆ ಸಲ್ಲಲಿ ಎಂಬುದು ಆತನ ಏರ್ಪಾಡು. ಕುದುರೆಪಂದ್ಯದ ಚರಿತ್ರೆಯು ಈ ಎರಡು ಮತಗಳ ನಡುವಣ ತೂಗಾಟವೇ ಆಗಿದೆ.

ಜಪಾನನ್ನು ನೋಡಬಹುದು. ಯೊಕೊಹಾಮದಲ್ಲಿ ನೆಲಸಿದ್ದ ಪರದೇಶೀಯರಿಗಾಗಿ 1866ರಲ್ಲಿ ನೆಗಿಶಿಯ ಪಂದ್ಯದ ಬಯಲು ನಿರ್ಮಿತವಾಯಿತು. 1908ರಲ್ಲಿ ಸರ್ಕಾರವು ಪಣದ ಚೀಟಿಗಳ ವಿಕ್ರಯವನ್ನು ನಿಷೇಧಿಸಿ, 1923ರ ಕಾನೂನಿನಿಂದ ಪುನಃ ಅನುಮತಿಸಿತು. ಈಗ ಅಲ್ಲಿಗೆ ಹೋದ ಪ್ರವಾಸಿಯೂ 100 ಯೆನ್ನಿನ ಚೀಟಿಯನ್ನು ಕೊಳ್ಳಬಹುದು. ಎಲ್ಲರ ಹಣವೂ ಒಂದು ನಿಧಿಗೆ ಸೇರುತ್ತದೆ. ಚೀಟಿಯ ಬಗೆಯನ್ನನುಸರಿಸಿ ನೂರಕ್ಕೆ 20ರಿಂದ 30ರವರೆಗೆ ಮೊದಲೇ ಕಳೆದು, ಉಳಿದುದನ್ನು ಗೆದ್ದವರಿಗೆ ಹಂಚುತ್ತಾರೆ. ಕೌಟಿಲ್ಯನ 5 ಇದರ ಮುಂದೆ ಅಲ್ಪವೇ ಸರಿ.

ನಮ್ಮ ಸಂತೆಮರಹಳ್ಳಿಯವರು ಮೈಸೂರಿಗೆ ಹೋದಾಗ ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ಕಾಣುವ ಬಯಲು ಮೈಸೂರು ರೇಸ್ ಕ್ಲಬ್ಬಿನದು. ಅದು ಸ್ಥಾಪಿತವಾದುದು 1891ರಲ್ಲಿ, ಚಾಮರಾಜ ಒಡೆಯರವರ ಆಳಿಕೆಯಲ್ಲಿ. ನೆರೆಯ ತಮಿಳುನಾಡು 1974ರಲ್ಲಿ ಮನುವಿನ ಮಾರ್ಗವನ್ನು ಹಿಡಿದು ಪಂದ್ಯಗಳನ್ನು ನಿಲ್ಲಿಸಲು ಕಾನೂನು ಮಾಡಿತು. 1996ರಲ್ಲಿ ಸುಪ್ರೀಂ ಕೋರ್ಟು, ಕುದುರೆಪಂದ್ಯವು ಪ್ರಧಾನವಾಗಿ ಕೌಶಲದ ಆಟವೆಂದು ತೀರ್ಪಿತ್ತಿತು.

ಕೌಶಲವುಂಟೆಂಬುದು ನಿಜ. ಆದರೆ ಸೇರಿದ ಹಣಕ್ಕಿಂತ ಹಂಚುವ ಹಣವು ಕಡಮೆಯಾಗಿರುವಲ್ಲಿ, ಒಬ್ಬ ಕುಶಲನು ಗೆದ್ದರೂ ಪಣವೊಡ್ಡಿದ ಸಮುದಾಯಕ್ಕೆ ನಷ್ಟವು ತಪ್ಪದು. ಋಗ್ವೇದದ ಅಕ್ಷಸೂಕ್ತವು ಮನೆಮಾರು ಕಳೆದುಕೊಂಡ ಜೂಜುಗಾರನಿಗೆ ಕಡೆಗೆ ತೋರಿಸುವ ದಾರಿಯು ಬೇಸಾಯದ್ದು. ಗೃಹಸ್ಥರು ಈ ಲೆಕ್ಕವನ್ನು ಮನೆಯ ಮಕ್ಕಳಿಗೆ ಒಮ್ಮೆ ತಿಳಿಸಿಕೊಡುವುದು ಒಳಿತು.