ಕಡೆಗೀಲಿನಿಂದ ಬೀಗದ ನಟ್ಟಿನವರೆಗೆ

ಕಾರಿನ ಚಕ್ರವನ್ನು ಅಚ್ಚಿನ ತುದಿಯ ಹಬ್ಬಿಗೆ ಬಿಗಿದಿಡುವುದು ನಾಲ್ಕೈದು ನಟ್ಟುಗಳು. ಅವುಗಳಲ್ಲೊಂದನ್ನು ಸಾಮಾನ್ಯ ಪಾನಾಕ್ಕೆ ಜಗ್ಗದಂತೆ ರೂಪಿಸಿದರೆ ಅದು ವೀಲ್ ಲಾಕ್ ನಟ್ಟು, ಅಂದರೆ ಚಕ್ರದ ಬೀಗ. ಅದರ ತಲೆಗೆ ಆರು ಮೂಲೆಗಳಿರುವುದಿಲ್ಲ. ದುಂಡು ತಲೆಯ ಮೇಲೆ ಅಂಕುಡೊಂಕಾದ ಕಚ್ಚೊಂದನ್ನು ಕೊರೆದಿರುತ್ತಾರೆ. ಆ ಕಚ್ಚಿನೊಳಗೆ ಸರಿಯಾಗಿ ಕೂರುವ ಹೆಬ್ಬೆರಳು ಗಾತ್ರದ ಉಕ್ಕಿನ ತುಂಡೇ ಅದರ ಕೀ. ಕೀಯನ್ನು ಕೂರಿಸಿ, ಅದರ ಇನ್ನೊಂದು ತುದಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮಾತ್ರ ನಟ್ಟು ಬಿಚ್ಚುತ್ತದೆ. ಕೀ ಕಳೆದುಹೋದರೆ ಪಂಕ್ಚರಾದ ಚಕ್ರ ಕಾರಿನ ಮಾಲೀಕರ ಕೈಗೂ ಬರುವುದಿಲ್ಲ. ಓಡುವಾಗ ಕಳಚಬಾರದು, ಬೇಕೆಂದಾಗ ಕಳಚಬೇಕು ಎಂಬ ಎರಡು ಬೇಡಿಕೆಗಳು ಚಕ್ರದಷ್ಟೇ ಹಳೆಯವು. ಕಳ್ಳನ ಕೈಗೆ ಸಿಗಬಾರದು ಎಂಬ ಮೂರನೆಯ ಬೇಡಿಕೆ ಅವುಗಳ ಜೊತೆ ಸೇರಿದ್ದು ತೀರಾ ಈಚೆಗೆ.

ಎತ್ತಿನ ಗಾಡಿಯಲ್ಲಿ ಮೊದಲ ಎರಡನ್ನೂ ಪೂರೈಸುತ್ತಿದ್ದುದು ಅಚ್ಚಿನ ತುದಿಯ ತೂತಿಗೆ ತೂರಿಸಿದ ಒಂದು ಕಬ್ಬಿಣದ ಕೀಲು. ಕನ್ನಡದಲ್ಲಿ ಅದಕ್ಕೆ ಕಡೆಗೀಲು, ಕಡಾಣಿ ಎಂಬ ಹೆಸರುಗಳಿವೆ. ಕಡೆಗೀಲಿಲ್ಲದ ಬಂಡಿಯ ಗತಿಯೇನು ಎಂಬುದನ್ನೇ ಜೇಡರ ದಾಸಿಮಯ್ಯ ತನ್ನ ವಚನವೊಂದಕ್ಕೆ ವಸ್ತುವಾಗಿಸಿಕೊಂಡಿದ್ದಾನೆ. ಕೀಲನ್ನು ಬಡಿದು ಹೊರತೆಗೆದು, ಚಕ್ರವನ್ನು ಈಚೆಗೆಳೆದು, ಅಚ್ಚಿಗೆ ಕೀಲೆಣ್ಣೆ ಬಳಿದು ಮತ್ತೆ ಕೂರಿಸಲು ಗಾಡಿಯವನಿಗೆ ಒಂದು ಸುತ್ತಿಗೆ ಇದ್ದರೆ ಸಾಕಾಗಿತ್ತು.

ಮೋಟಾರು ಕಾರು ಬಂದಾಗ ಈ ಸಲೀಸು ಹೋಯಿತು. ಆರಂಭದ ಕಾರುಗಳ ಮರದ ಅರೆಕಾಲಿನ ಚಕ್ರಗಳು ಅಚ್ಚಿಗೆ ಕಾಯಂ ಆಗಿ ಕೂತಿರುತ್ತಿದ್ದವು. ಗಾಳಿ ತುಂಬಿದ ಟಯರಿಗೆ ಕುದುರೆ ಲಾಳದ ಮೊಳೆಯೊಂದು ನೆಟ್ಟರೆ ಚಕ್ರ ಇದ್ದಲ್ಲೇ ಇರಬೇಕು. ಟಯರನ್ನು ರಿಮ್ಮಿನಿಂದ ಎಬ್ಬಿಸಿ, ಟ್ಯೂಬಿಗೆ ತೇಪೆ ಹಾಕಿ, ಕೈಪಂಪಿನಿಂದ ಗಾಳಿ ತುಂಬಿಸಬೇಕು. ಇಷ್ಟೂ ಕೆಲಸ ರಸ್ತೆಯ ಬದಿಯಲ್ಲೇ ಆಗಬೇಕಿತ್ತು.

ಇದಕ್ಕೆ ಮೊದಲ ಪರಿಹಾರ ಹುಡುಕಿದವರು ಬ್ರಿಟನ್ನಿನ ವೇಲ್ಸ್ ಪ್ರಾಂತದ ಲನೆಲ್ಲಿ ಪಟ್ಟಣದ ಥಾಮಸ್ ಮಾರಿಸ್ ಡೇವಿಸ್ ಮತ್ತು ವಾಲ್ಟರ್ ಡೇವಿಸ್ ಸೋದರರು. 1904ರ ಸುಮಾರಿಗೆ ಅವರು ತಯಾರಿಸಿದ್ದು ಅರೆಕಾಲುಗಳೂ ಗುಂಬವೂ ಇಲ್ಲದ, ಮೊದಲೇ ಗಾಳಿ ತುಂಬಿದ ಟಯರನ್ನು ಹೊತ್ತ ಒಂದು ಬರಿಯ ಬಳೆ. ಪಂಕ್ಚರಾದ ಚಕ್ರವನ್ನು ಬಿಚ್ಚದೆ, ಅದರ ಪಕ್ಕಕ್ಕೇ ಈ ಬಳೆಯನ್ನು ಹಿಡಿಕೆಗಳಿಂದ ಬಿಗಿದು ಕಾರು ಮುಂದೆ ಸಾಗುತ್ತಿತ್ತು. ಅವರ ಅಂಗಡಿಯಿದ್ದ ಸ್ಟೆಪ್ನಿ ಬೀದಿಯ ಹೆಸರೇ ಆ ಸರಕಿನ ಹೆಸರಾಯಿತು. ಆ ಬಗೆಯ ಬಳೆ ಮರೆಯಾಗಿ ದಶಕಗಳೇ ಕಳೆದಿದ್ದರೂ ಕರ್ನಾಟಕದ ಯಾವ ಪಂಕ್ಚರ್ ಅಂಗಡಿಯಲ್ಲಿ ಕೇಳಿದರೂ ಡಿಕ್ಕಿಯೊಳಗಿನ ಹೆಚ್ಚುವರಿ ಚಕ್ರ ಇವತ್ತಿಗೂ ಸ್ಟೆಪ್ನಿಯೇ.

ಇಡೀ ಚಕ್ರವನ್ನೇ ಬಿಚ್ಚಿ ಬದಲಾಯಿಸುವ ಏರ್ಪಾಡು ಕೆಲವೇ ವರ್ಷಗಳಲ್ಲಿ ಬಂತು. ಕೊವೆಂಟ್ರಿಯ ರಡ್ಜ್-ವಿಟ್‌ವರ್ತ್ ಸೈಕಲ್ ಕಂಪನಿಯ ಜಾನ್ ಪ್ಯೂ ತಂತಿಯ ಅರೆಕಾಲಿನ ಚಕ್ರವನ್ನು ಹಲ್ಲುಗಳುಳ್ಳ ಹಬ್ಬಿನ ಮೇಲೆ ಕೂರಿಸಿ, ನಡುವೆ ಒಂದೇ ಒಂದು ದೊಡ್ಡ ನಟ್ಟಿನಿಂದ ಬಿಗಿದ. ಇದರಿಂದ ಆಗುವ ಅನುಕೂಲ ಎಷ್ಟಿತ್ತೆಂದರೆ 1908ರ ಫ್ರೆಂಚ್ ಗ್ರಾಂಡ್ ಪ್ರೀ ಪಂದ್ಯದಲ್ಲಿ ಇಂಥ ಚಕ್ರಗಳಿಗೆ ಅವಕಾಶವನ್ನೇ ಕೊಡಲಿಲ್ಲ. ಮುಂದೆ ರೇಸಿನ ಕಾರುಗಳಲ್ಲೂ ಕ್ರೀಡಾ ಕಾರುಗಳಲ್ಲೂ ಅದೇ ಪದ್ಧತಿ ನೆಲೆಯೂರಿತು. ಎಡ ಬಲದ ನಟ್ಟುಗಳಿಗೆ ವಿರುದ್ಧ ದಿಕ್ಕಿನ ಮರೆಗಳು, ಅಂದರೆ ತಿರುಪಿನ ಗೆರೆಗಳು ಇದ್ದು, ಚಕ್ರ ಮುಂದಕ್ಕೆ ಉರುಳುವಾಗ ನಟ್ಟು ಸಡಿಲವಾಗದೆ ಬಿಗಿಯಾಗುತ್ತಿತ್ತು. ನಟ್ಟಿಗೆ ರೆಕ್ಕೆಯಂಥ ಕಿವಿಗಳನ್ನು ಎರಕ ಹೊಯ್ಯುತ್ತಿದ್ದುದರಿಂದ ಬಿಚ್ಚಲು ಮೆದು ಲೋಹದ ಸುತ್ತಿಗೆಯೊಂದೇ ಸಾಕು. ಹೊರಚಾಚಿದ ಆ ಕಿವಿಗಳು ದಾರಿಹೋಕರಿಗೆ ಅಪಾಯವೆಂದು ಅಮೆರಿಕ 1968ರಿಂದ ಹೊಸ ಕಾರುಗಳಲ್ಲಿ ಅವನ್ನು ನಿಷೇಧಿಸಿತು.

ಜನಸಾಮಾನ್ಯರ ಕಾರು ಹಿಡಿದದ್ದು ಬೇರೆ ದಾರಿ. ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ ಮಾಡಿದ ಚಕ್ರ ಅಗ್ಗವಾಗಿಯೂ ಗಟ್ಟಿಯಾಗಿಯೂ ಇತ್ತು. ಅದನ್ನು ನಾಲ್ಕೈದು ಸಣ್ಣ ನಟ್ಟುಗಳಿಂದ ಬಿಗಿದರೆ ಆಯಿತು. ನಟ್ಟಿನ ಓರೆ ಅಂಚು ಚಕ್ರದ ತೂತಿನ ಓರೆಗೆ ಕೂತು ಚಕ್ರವನ್ನು ನಟ್ಟನಡುವೆ ನಿಲ್ಲಿಸುತ್ತದೆ. ಒಂದೇ ಸ್ಪ್ಯಾನರು, ಒಂದು ಜಾಕಿ ಇದ್ದರೆ ಯಾರು ಬೇಕಾದರೂ ಚಕ್ರ ಬದಲಿಸಬಹುದಾಯಿತು. ಯಾರು ಬೇಕಾದರೂ ಎಂಬುದರಲ್ಲಿ ಕಳ್ಳನೂ ಸೇರಿದ್ದ. ಆದರೆ ಕಪ್ಪು ಬಣ್ಣ ಬಳಿದ ಉಕ್ಕಿನ ಚಕ್ರಕ್ಕೆ ಕದಿಯುವಷ್ಟು ಬೆಲೆ ಇರಲಿಲ್ಲ.

ಆ ಬೆಲೆ ತಂದುಕೊಟ್ಟದ್ದು ಅಲಾಯ್ ಚಕ್ರ, ಅಂದರೆ ಹಗುರ ಮಿಶ್ರಲೋಹದ ಚಕ್ರ. 1924ರಲ್ಲಿ ಲಿಯಾನ್ ನಗರದ ಗ್ರಾಂಡ್ ಪ್ರೀ ಪಂದ್ಯಕ್ಕೆ ಬುಗಾಟಿ ತನ್ನ ಟೈಪ್ 35 ಕಾರನ್ನು ಎರಕದ ಅಲ್ಯೂಮಿನಿಯಂ ಚಕ್ರಗಳ ಮೇಲೆ ಇಳಿಸಿತು. 1960ರ ದಶಕದಲ್ಲಿ ಹಗುರ ಲೋಹದ ಚಕ್ರಗಳು ರೇಸಿನ ಅಂಗಳದಿಂದ ಬೀದಿಯ ಕಾರುಗಳಿಗೆ ಬಂದವು. ಹೊಳೆಯುವ, ದುಬಾರಿಯಾದ, ಬೇರೆ ಕಾರಿಗೂ ಹೊಂದುವ ನಾಲ್ಕು ಚಕ್ರಗಳು ರಾತ್ರಿಯಿಡೀ ಬೀದಿಯಲ್ಲಿ ನಿಂತಿರುತ್ತಿದ್ದವು. ಅವನ್ನು ಬಿಚ್ಚಲು ಎಲ್ಲರ ಬಳಿಯೂ ಇರುವ ಒಂದು ಸ್ಪ್ಯಾನರು ಸಾಕಾಗಿತ್ತು. ಚಕ್ರದ ಬೀಗಗಳಿಗೆ ಹೆಸರಾದ ಮ್ಯಾಕ್‌ಗಾರ್ಡ್ ಕಂಪನಿ 1964ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿತು. ಮುಂದೆ ಕಾರು ತಯಾರಕರೇ ಕಾರ್ಖಾನೆಯಲ್ಲಿ ಚಕ್ರಕ್ಕೊಂದರಂತೆ ಬೀಗದ ನಟ್ಟು ಹಾಕಿ ಕೊಡತೊಡಗಿದರು. ನಟ್ಟಿನ ಬದಲು ಬೋಲ್ಟು ಬಳಸುವ ಜರ್ಮನ್ ಕಾರುಗಳಿಗೆ ಬೀಗದ ಬೋಲ್ಟುಗಳು ಬಂದವು. ಭಾರತದಲ್ಲಿ ಅಲಾಯ್ ಚಕ್ರಗಳು ಹೆಚ್ಚಿದಂತೆ ಕಾರಿನ ಬಿಡಿಭಾಗಗಳ ಅಂಗಡಿಗಳಲ್ಲೂ ಇವು ಸಿಗುವಂತಾದವು.

ಬೀಗದ ನಟ್ಟಿನ ಬಲ ಮೂರು ಸಂಗತಿಗಳಲ್ಲಿದೆ. ಮೊದಲನೆಯದು ಕಚ್ಚಿನ ವಿನ್ಯಾಸ. ಒಂದೇ ತಯಾರಕರ ನಟ್ಟುಗಳಲ್ಲೂ ಹಲವು ವಿನ್ಯಾಸಗಳಿದ್ದು, ಒಬ್ಬರ ಕೀ ಇನ್ನೊಬ್ಬರ ಕಾರಿಗೆ ಸಾಮಾನ್ಯವಾಗಿ ಹೊಂದುವುದಿಲ್ಲ. ಎರಡನೆಯದು ಗಡಸುತನ. ಮೇಲ್ಮೈಯನ್ನು ಕಾಯಿಸಿ ಹದ ಮಾಡಿರುವುದರಿಂದ ಸಾಧಾರಣ ಡ್ರಿಲ್ಲಿನ ಮೊನೆ ಒಳಗಿಳಿಯದೆ ಜಾರುತ್ತದೆ. ಮೂರನೆಯದು ಹೊರಗಿನ ಆಕಾರ. ತಲೆ ದುಂಡಗಿದ್ದು ಇಕ್ಕಳಕ್ಕೆ ಹಿಡಿತ ಸಿಗುವುದಿಲ್ಲ. ಕೆಲವು ನಟ್ಟುಗಳ ಸುತ್ತ ತಾನಷ್ಟೇ ಸಡಿಲವಾಗಿ ತಿರುಗುವ ಉಂಗುರವೂ ಇರುತ್ತದೆ. ಅದನ್ನು ಎಷ್ಟು ತಿರುಗಿಸಿದರೂ ಒಳಗಿನ ನಟ್ಟು ಅಲುಗುವುದಿಲ್ಲ.

ಇಷ್ಟೆಲ್ಲ ಬಲವಿರುವ ಬೀಗಕ್ಕೆ ಬಹುಪಾಲು ಕಾರುಗಳಲ್ಲಿ ಇರುವುದು ಒಂದೇ ಕೀ. ಟಯರು ಬದಲಿಸಿದವರು ಅದನ್ನು ಗ್ಯಾರೇಜಿನ ಮೇಜಿನ ಮೇಲೆ ಬಿಡುವುದುಂಟು. ಕಾರು ಕೈ ಬದಲಾದಾಗ ಹಳೆಯ ಮಾಲೀಕರ ಮನೆಯಲ್ಲೇ ಉಳಿಯುವುದುಂಟು. ಕೀ ಮುರಿಯುವುದೂ ಉಂಟು. ಅದಕ್ಕೆ ಮುಖ್ಯ ಕಾರಣ ನಟ್ಟು ತಿರುಗಿಸುವ ಗಾಳಿ ಒತ್ತಡದ ಗನ್ನು. ಹಲವು ಕಾರುಗಳ ನಟ್ಟಿಗೆ ನಿಗದಿಯಾದ ಬಿಗಿತ 100ರಿಂದ 140 ನ್ಯೂಟನ್ ಮೀಟರ್. ಗನ್ನು ಅದರ ಹಲವು ಪಟ್ಟು ಬಲದಿಂದ ಬಡಿದು ತಿರುಗಿಸಿದರೆ ಕೀಯ ತೆಳು ಉಬ್ಬುಗೆರೆಗಳು ಕಿತ್ತುಬರುತ್ತವೆ.

ಕೀ ಸಿಗದಾಗ ಮೊದಲು ತಡಕಬೇಕಾದ ಜಾಗಗಳು ಸ್ಟೆಪ್ನಿಯ ಗುಂಡಿ, ಜಾಕಿಯ ಚೀಲ, ಡ್ಯಾಶ್‌ಬೋರ್ಡಿನ ಪೆಟ್ಟಿಗೆ, ಬಾಗಿಲಿನ ಜೇಬು. ಅಲ್ಲೂ ಇಲ್ಲದಿದ್ದರೆ ನೆರವಿಗೆ ಬರುವುದು ಕೋಡ್ ಸಂಖ್ಯೆ. ಕೀಯ ಮೇಲೆ, ಇಲ್ಲವೇ ಅದರೊಂದಿಗೆ ಕೊಟ್ಟ ಚೀಟಿಯಲ್ಲಿ ಅದು ಇರುತ್ತದೆ. ಅದನ್ನು ತೋರಿಸಿ ಹೊಸ ಕೀ ತರಿಸಬಹುದು. ಕೋಡೂ ಇಲ್ಲದವರಿಗೆ ಕಂಪನಿಯ ಸರ್ವಿಸ್ ಕೇಂದ್ರವೇ ದಾರಿ. ಕೆಲವು ಕೇಂದ್ರಗಳಲ್ಲಿ ಆ ಕಾರಿಗೆ ಬಳಸುವ ಎಲ್ಲ ವಿನ್ಯಾಸಗಳ ಕೀಗಳ ಪೆಟ್ಟಿಗೆಯಿರುತ್ತದೆ. ಒಂದೊಂದನ್ನೇ ಕೂರಿಸಿ ನೋಡಿ ಹೊಂದುವ ಕೀಯನ್ನು ಹುಡುಕುತ್ತಾರೆ.

ಬಲಪ್ರಯೋಗ ಕೊನೆಯ ಮಾತು. ನಟ್ಟಿನ ತಲೆಗಿಂತ ತುಸು ಕಿರಿದಾದ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸುವುದು ಒಂದು ಕ್ರಮ. ಒಳಗೆ ಎಡಮರೆಯ ಹಲ್ಲುಗಳಿರುವ ಸಾಕೆಟ್ಟು ಬಿಚ್ಚುವ ದಿಕ್ಕಿಗೆ ತಿರುಗಿಸಿದಷ್ಟೂ ನಟ್ಟನ್ನು ಕಚ್ಚುತ್ತದೆ. ಎರಡೂ ಸೋತರೆ ಬೀಗದ ನಟ್ಟಿನ ಮೇಲೆ ಬೇರೊಂದು ನಟ್ಟನ್ನು ವೆಲ್ಡ್ ಮಾಡಿ, ಅದಕ್ಕೆ ಸ್ಪ್ಯಾನರ್ ಹಾಕಿ ಬಿಚ್ಚುತ್ತಾರೆ. ಅಲಾಯ್ ಚಕ್ರದಲ್ಲಿ ನಟ್ಟು ಆಳವಾದ ಕುಳಿಯೊಳಗೆ ಕೂತಿರುವುದರಿಂದ ಕೈ ತಪ್ಪಿದರೆ ಚಕ್ರಕ್ಕೇ ಗಾಯ. ಬಿಚ್ಚಿದ ನಟ್ಟು ಮರುಬಳಕೆಗೆ ಬರುವುದಿಲ್ಲ.

ಈ ಉಪಕರಣಗಳು ಮಾರುಕಟ್ಟೆಯಲ್ಲಿ ಸಿಗುವುದರಿಂದ ಪಳಗಿದ ಕಳ್ಳನನ್ನು ಬೀಗದ ನಟ್ಟು ಪೂರ್ತಿ ತಡೆಯಲಾರದು. ಅವನ ಕೆಲಸವನ್ನು ನಿಧಾನ ಮಾಡುತ್ತದೆ, ಸದ್ದು ಮಾಡಿಸುತ್ತದೆ. ಬೀದಿಯಲ್ಲಿ ನಿಲ್ಲುವ ಕಾರಿಗೆ ಅಷ್ಟು ರಕ್ಷಣೆಯೂ ದೊಡ್ಡದೇ. ಅದಕ್ಕೆ ಪ್ರತಿಯಾಗಿ ಮಾಲೀಕರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಕೋಡ್ ಸಂಖ್ಯೆಯನ್ನು ಮನೆಯಲ್ಲಿ ಬರೆದಿಡಬೇಕು, ಕೀಯನ್ನು ಜಾಕಿಯ ಜೊತೆಗೇ ಇಡಬೇಕು, ನಟ್ಟಿಗೆ ಗನ್ನು ಹಾಕಗೊಡದೆ ಕೈಯಿಂದಲೇ ಬಿಗಿಸಬೇಕು. ಕಾರು ಗ್ಯಾರೇಜಿನಿಂದ ಹೊರಡುವ ಮುನ್ನ ಕೀ ತನ್ನ ಜಾಗಕ್ಕೆ ಬಂತೇ ಎಂದು ತಪ್ಪದೆ ನೋಡಬೇಕು.